ಏಳೂವರೆಗೆ ಬಂದ ಕಿವುಡಿ

ನಮ್ಮೂರಲ್ಲಿ ಶನಿವಾರ ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ. ಹೆಣ್ಣು ನೋಡುವುದು, ಬೋರು ಕೊರೆಸುವುದು, ಹಲ್ಲು ಕೀಳಿಸುವುದು ಎಲ್ಲಾ ಭಾನುವಾರ, ಇಲ್ಲವೆ ಸೋಮವಾರ. ಯಾಕೆಂದರೆ ಶುಕ್ರವಾರದ ಕಂತು ಯಾವಾಗಲೂ ಎದೆ ಝಲ್ಲೆನ್ನುವ ಹಾಗೆ ಮುಗಿಯುತ್ತದೆ, ಅದರ ಫಲ ಶನಿವಾರಕ್ಕೆ. ಆ ಧಾರಾವಾಹಿಗೊಂದು ಹೆಸರಿದೆ, ಆದರೆ ಊರಲ್ಲಿ ಯಾರೂ ಆ ಹೆಸರು ಹಿಡಿದು ಕರೆಯುವುದಿಲ್ಲ. ಏಳೂವರೆ ಅನ್ನುತ್ತೇವೆ, ಅಷ್ಟೆ. ಏಳೂವರೆಯಲ್ಲಿ ಹಿರಿಸೊಸೆ ಮೆಟ್ಟಿಲಿಂದ ಜಾರಿ ಬಿದ್ದರೆ ಮರುದಿನ ಊರಿನ ಹಿರಿಸೊಸೆಯಂದಿರೆಲ್ಲ ಮಹಡಿ ಹತ್ತದೆ, ಗೋಡೆ ಹಿಡಿದುಕೊಂಡು ಓಡಾಡುತ್ತಾರೆ. ಆದರೂ ಒಬ್ಬಿಬ್ಬರ ಕಾಲು ಉಳುಕದೆ ಇರುವುದಿಲ್ಲ. ಅಲ್ಲಿ ಮಾವನಿಗೆ ಎದೆನೋವು ಬಂದರೆ ಇಲ್ಲಿ ಡಾಕ್ಟರು ಬೆಳಗ್ಗೆ ಆರಕ್ಕೇ ಬಾಗಿಲು ತೆಗೆದು ಕೂರುತ್ತಾರೆ. ನೋಡದೆ ಇದ್ದರೆ ಆಗುವುದಿಲ್ಲವೇನೋ ಎಂದು ಹಿಂದೊಮ್ಮೆ ಮೇಲಿನ ಬೀದಿಯವರೆಲ್ಲ ಒಂದು ತಿಂಗಳು ಟಿವಿಗೆ ಬಟ್ಟೆ ಮುಚ್ಚಿಟ್ಟರು. ಆಗುವುದು ಆಗಿಯೇ ಆಯಿತು. ಮೊದಲೇ ಗೊತ್ತಾಗಲಿಲ್ಲ, ಅಷ್ಟೇ ವ್ಯತ್ಯಾಸ. ಆಮೇಲೆ ಬಟ್ಟೆ ತೆಗೆದರು.

ಏಳೂವರೆಯಲ್ಲಿ ಕಿವುಡರು ಇರಲಿಲ್ಲ. ಹಾಗಾಗಿ ನಮ್ಮೂರಿನ ಒಂಬತ್ತು ಜನ ಕಿವುಡರಿಗೆ ಏಳೂವರೆಯ ಕಾಟವೂ ಇರಲಿಲ್ಲ. ನನ್ನ ಅಮ್ಮ ವನಜಮ್ಮ ಅವರಲ್ಲಿ ಒಬ್ಬಳು. ಅಪ್ಪ ಹೋದ ಮೇಲೆ ಹಿಟ್ಟಿನ ಗಿರಣಿಯನ್ನು ಅವಳೇ ನಡೆಸುತ್ತಿದ್ದಳು. ಏಳೂವರೆಯ ವಿಧವೆಗೆ ಜ್ವರ ಬಂದು ಊರಿನ ವಿಧವೆಯರೆಲ್ಲ ಕಂಬಳಿ ಹೊದ್ದು ನಡುಗುತ್ತಿದ್ದ ದಿನ ಅಮ್ಮ ಎರಡು ಮೂಟೆ ರಾಗಿ ಬೀಸಿದಳು. ಕಿವಿ ಕೇಳಿಸದವರನ್ನು ಏಳೂವರೆ ತನ್ನವರೆಂದು ಗುರುತಿಸುತ್ತಲೇ ಇರಲಿಲ್ಲ. ಸಂಜೆ ಏಳೂವರೆಗೆ ಬೀದಿಯೆಲ್ಲ ಖಾಲಿಯಾಗಿ ಎಲ್ಲರ ಕಿಟಕಿಯಲ್ಲೂ ನೀಲಿ ಬೆಳಕು ಕುಣಿಯುವಾಗ, ಆ ಒಂಬತ್ತು ಜನ ನಮ್ಮ ಗಿರಣಿಯ ಜಗಲಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಸೇರುತ್ತಿದ್ದರು. ಇಸ್ತ್ರಿ ಅಂಗಡಿಯ ರಾಜಣ್ಣ ಬರುತ್ತಿದ್ದ. ಹೊಲಿಗೆ ಕೆಲಸ ಮಾಡುವ ಹತ್ತೊಂಬತ್ತರ ತಾರಾ ಬರುತ್ತಿದ್ದಳು. ಅವರ ಜಗಳ, ಚಾಡಿ, ನಗೆ ಎಲ್ಲ ಕೈಯಲ್ಲೇ. ನಾನು ಕೇಳಿಸುವವಳಾದರೂ ಅವರ ನಡುವೆಯೇ ಬೆಳೆದವಳು. ನಾಲಿಗೆ ತಿರುಗುವ ಮೊದಲೇ ನನ್ನ ಬೆರಳು ತಿರುಗಿತ್ತಂತೆ. ಅದಕ್ಕೆ ನಾವು ಕೈಮಾತು ಅನ್ನುತ್ತಿದ್ದೆವು. ಕೈಮಾತಿನಲ್ಲಿ ಅಮ್ಮನ ಹೆಸರೆಂದರೆ ಹೆಬ್ಬೆರಳನ್ನು ಬೆರಳ ತುದಿಗಳ ಮೇಲೆ ಉಜ್ಜುವುದು, ಹಿಟ್ಟು ನುಣ್ಣಗಾಯಿತೇ ಎಂದು ನೋಡುವ ಹಾಗೆ. ನನ್ನ ಹೆಸರು ಕುಮುದಾ ಎಂಬುದು ಅವಳ ಕಿವಿಗೆ ಎಂದೂ ಬಿದ್ದಿರಲಿಲ್ಲ. ಗಲ್ಲದ ಮಚ್ಚೆ ಮುಟ್ಟಿದರೆ ಅದು ನಾನು.

ಹೀಗಿರುವಾಗ ಏಳೂವರೆಗೆ ಒಬ್ಬಳು ಕಿವುಡಿ ಬಂದಳು.

ಅವಳ ಹೆಸರು ಮೌನಾ. ಏಳೂವರೆಯ ದೊಡ್ಡಮನೆಯವರು ಸಾಕಿಕೊಂಡ ಅನಾಥೆ, ಕಿವಿ ಕೇಳಿಸದು, ಮಾತು ಬಾರದು. ತಾನು ಬಂದ ಮೊದಲ ಕಂತಿನಲ್ಲೇ ಅವಳು ದೇವರ ಕೋಣೆಯ ಮುಂದೆ ನಿಂತು ಕಣ್ಣೀರು ಸುರಿಸಿದಳು. ಮನೆಯವರೆಲ್ಲ ಅವಳ ತಲೆ ಸವರಿ "ಪಾಪ" ಅಂದರು. ಮರುದಿನ ಬೆಳಗ್ಗೆ ಗಿರಣಿಯಲ್ಲಿ ಒಬ್ಬಾತ ಸಾಲು ತಪ್ಪಿಸಿ ಮುಂದೆ ಬಂದು ತನ್ನ ಗೋಧಿಯ ಡಬ್ಬಿ ಇಟ್ಟ. ಬೇರೆ ದಿನವಾಗಿದ್ದರೆ ಅಮ್ಮ ಆ ಡಬ್ಬಿಯನ್ನು ಬೀದಿಗಿಟ್ಟು, ಅವನ ವಂಶವನ್ನೆಲ್ಲ ಕೈಯಲ್ಲೇ ಜಾಲಾಡಿಬಿಡುತ್ತಿದ್ದಳು. ಅವತ್ತು ಪಕ್ಕಕ್ಕೆ ಸರಿದು ನಿಂತಳು. ಕತ್ತು ಓರೆ ಮಾಡಿದಳು. ಕಣ್ಣು ತುಂಬಿಕೊಂಡು ಮುಗುಳ್ನಕ್ಕಳು. ನಾನು ಹಿಂದಿನ ದಿನವಷ್ಟೇ ಟಿವಿಯಲ್ಲಿ ಕಂಡ ನಗೆ ಅದು. ಅಮ್ಮನ ಮುಖದ ಮೇಲೆ ಯಾರೋ ತಂದು ಅಂಟಿಸಿದಂತೆ ಇತ್ತು. ಇಸ್ತ್ರಿ ರಾಜಣ್ಣ ಆರಡಿ ಗಂಡಸು, ಅವನೂ ಆ ಮಧ್ಯಾಹ್ನ ಅಂಗಡಿಯಲ್ಲಿ ಹಾಗೇ ಕತ್ತು ಓರೆ ಮಾಡಿ ನಿಂತಿದ್ದ. ಬಂದುಹೋಗುವವರೆಲ್ಲ ಅವನ ತಲೆ ಸವರುತ್ತಿದ್ದರು.

ಎರಡನೆಯ ವಾರದಲ್ಲಿ ಮೌನಾ ತುಟಿ ಓದತೊಡಗಿದಳು. ಎಂಥ ಓದು! ವಿಲನ್ನು ಹಜಾರದ ಆ ತುದಿಯಲ್ಲಿ ಬೆನ್ನು ತಿರುಗಿಸಿ ಪಿಸುಗುಟ್ಟಿದರೂ ಇವಳಿಗೆ ತಿಳಿಯುತ್ತಿತ್ತು. ನಿಜವಾದ ಕಿವುಡರಿಗೆ ಎದುರಿಗೆ ನಿಂತು ಮಾತಾಡಿದರೂ ತುಟಿಯಲ್ಲಿ ಅರ್ಧ ಮಾತು ಸಿಕ್ಕಿದರೆ ಹೆಚ್ಚು. ಮೀಸೆಯವರದ್ದು ಅದೂ ಇಲ್ಲ. ಆ ಕಂತು ಬಂದ ಮರುದಿನ ಅಮ್ಮ ಒಲೆಯ ಮುಂದೆ ಕೂತವಳು ತಟ್ಟನೆ ನನ್ನ ಕಡೆ ತಿರುಗಿ ಕೈಯಲ್ಲಿ ಹೇಳಿದಳು: "ಎದುರು ಮನೆಯ ಪದ್ಮಾವತಿ ನನ್ನನ್ನು ಪಾಪದ ಪ್ರಾಣಿ ಅಂದಳು."

"ಅವರ ಬಾಗಿಲು ಹಾಕಿದೆಯಲ್ಲಮ್ಮ," ಅಂದೆ.

"ಹಾಕಿದೆ. ಆದರೂ ತುಟಿ ಕಾಣುತ್ತಿದೆ. ನಾನು ಸತ್ತರೆ ಗಿರಣಿ ಯಾರಿಗೆ ಅಂತ ಗಂಡನನ್ನು ಕೇಳುತ್ತಿದ್ದಾಳೆ." ಮತ್ತೆ ಅಂದಳು: "ಹಿಂದಿನ ಬೀದಿಯವರದ್ದೂ ಕಾಣುತ್ತಿದೆ. ಆ ಹಿಂದಿನವರದ್ದೂ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ."

"ಕಣ್ಣು ಮುಚ್ಚಿಕೊ ಸ್ವಲ್ಪ ಹೊತ್ತು."

ಮುಚ್ಚಿಕೊಂಡಳು. ಒಂದು ಗಳಿಗೆಯಾಗಿರಲಿಲ್ಲ, ಬೆಚ್ಚಿ ತೆರೆದಳು. "ಮುಚ್ಚಿದರೆ ಇನ್ನೂ ಹತ್ತಿರ ಬರುತ್ತವೆ."

ಆಮೇಲಿಂದ ಅಮ್ಮ ಊಟ ಮಾಡುವಾಗಲೂ ಗೋಡೆ ನೋಡುತ್ತಿದ್ದಳು. ಅವಳ ಬಗ್ಗೆ ಊರು ಏನೇನು ಆಡಿಕೊಳ್ಳುತ್ತಿತ್ತೋ ಎಲ್ಲವನ್ನೂ ಆ ಹದಿನೈದು ದಿನಗಳಲ್ಲಿ ಓದಿ ಮುಗಿಸಿದಳು. ಐವತ್ತೆರಡು ವರ್ಷ ಅವಳಿಗೆ ಆ ನೆಮ್ಮದಿಯೊಂದು ಇತ್ತು, ಅದೂ ಹೋಯಿತು.

ಆದರೂ ಕೈ ಇತ್ತು. ಸಂಜೆ ಜಗಲಿಯಲ್ಲಿ ಕೂತು ಹೇಳಿಕೊಂಡು ಹಗುರಾಗಲು ಅಷ್ಟು ಸಾಕಿತ್ತು. ಮುಂದಿನ ವಾರ ಮೌನಾಳೂ ಕೈಯಲ್ಲಿ ಮಾತಾಡುತ್ತಾಳೆ, ಅದರ ತುಣುಕನ್ನು ಮೊದಲೇ ತೋರಿಸುತ್ತಾರೆಂದು ಕೇಳಿ, ಎಂದೂ ಏಳೂವರೆ ನೋಡದ ಆ ಒಂಬತ್ತು ಜನ ಒಂದು ಸಂಜೆ ನಮ್ಮ ಟಿವಿಯ ಮುಂದೆ ಕೂತರು. ಮೌನಾ ಎದೆ ಮುಟ್ಟಿಕೊಂಡಳು, ಎರಡೂ ಕೈಯನ್ನು ಹಕ್ಕಿಯ ರೆಕ್ಕೆಯಂತೆ ಬಿಚ್ಚಿದಳು, ಬೆರಳನ್ನು ಹಣೆಗೆ ತಂದು ಗಾಳಿಗೆ ಬಿಟ್ಟಳು. ಗಾಜಿನ ಬಳೆ ಘಲ್ಲೆಂದವು. ಚಂದವಾಗಿಯೇ ಇತ್ತು. ಆದರೆ ಅದರಲ್ಲಿ ಒಂದೇ ಒಂದು ಮಾತಿರಲಿಲ್ಲ.

"ಇವಳಿಗೆ ಸೊಳ್ಳೆ ಕಚ್ಚುತ್ತಿದೆಯಾ?" ಅಂತ ರಾಜಣ್ಣ ಕೈಯಲ್ಲಿ ಕೇಳಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾರಾ ಎದ್ದು ನಿಂತು ಮೌನಾಳ ಹಾಗೆ ಮಾಡಿ ತೋರಿಸಿದಳು, ಇನ್ನೂ ನಕ್ಕರು. ಅವರು ಹಾಗೆ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಮರುವಾರ ಮೌನಾ ದೇವರಿಗೆ ತನ್ನ ಗೋಳು ತೋಡಿಕೊಂಡ ಕಂತು ಬಂತು. ಪೂರ್ತಿ ಏಳು ನಿಮಿಷ ಬರೀ ಕೈ. ಊರೆಲ್ಲ ಮೂಗು ಸೀಟಿತು. ಮರುದಿನ ಬೆಳಗ್ಗೆ ಅಮ್ಮ ಕಾಫಿ ಲೋಟ ಕೆಳಗಿಟ್ಟು ಏನೋ ಹೇಳಲು ಕೈ ಎತ್ತಿದಳು. ಕೈ ಎದೆ ಮುಟ್ಟಿತು, ರೆಕ್ಕೆ ಬಿಚ್ಚಿತು, ಹಣೆಗೆ ಹೋಯಿತು. ಅವಳು ನಿಲ್ಲಿಸಿದಳು. ಮತ್ತೆ ಎತ್ತಿದಳು. ಮತ್ತೆ ಅದೇ ಹಕ್ಕಿ. ತನ್ನ ಕೈಯನ್ನು ಯಾರದೋ ಕೈಯೆಂಬಂತೆ ನೋಡಿದಳು. ಆಮೇಲೆ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದು ನೆಲಕ್ಕೆ ಒತ್ತಿ ಹಿಡಿದಳು, ಒದ್ದಾಡುವ ಕೋಳಿಯನ್ನು ಹಿಡಿದ ಹಾಗೆ. ನಾನು ಕೈಯಲ್ಲಿ ಮಾತಾಡಿದರೆ ಅವಳಿಗೆ ಅರ್ಥವಾಗುತ್ತಿತ್ತು. ತಿರುಗಿ ಹೇಳಲು ಮಾತ್ರ ಏನೂ ಇರಲಿಲ್ಲ. ಅಮ್ಮ ಶಾಲೆಗೆ ಹೋದವಳಲ್ಲ, ಬರೆಯಲೂ ಬಾರದು. ಅವತ್ತು ಸಂಜೆ ಜಗಲಿಯಲ್ಲಿ ಒಂಬತ್ತು ಜನ ಒಬ್ಬರೆದುರಿಗೊಬ್ಬರು ನಿಂತು ಒಂಬತ್ತು ಹಕ್ಕಿ ಹಾರಿಸಿದರು. ಮೂರನೆಯ ದಿನದಿಂದ ಯಾರೂ ಬರಲಿಲ್ಲ. ನನ್ನ ಕೈಯಲ್ಲಿ ಮಾತ್ರ ಕೈಮಾತು ಉಳಿದಿತ್ತು. ನಾನು ಕಿವುಡಿಯಲ್ಲವಲ್ಲ, ನನ್ನನ್ನು ಅದು ಮುಟ್ಟಲಿಲ್ಲ.

ಅದೇ ಹೊತ್ತಿಗೆ ಟಿವಿಯಲ್ಲಿ ಹೊಸ ಜಾಹೀರಾತು ಶುರುವಾಯಿತು: ಸಾವಿರದ ಕಂತಿನಲ್ಲಿ ಮೌನಾಳಿಗೆ ಕಿವಿ ಕೇಳಿಸುತ್ತದೆ! ಊರು ಸಂಭ್ರಮಪಟ್ಟಿತು. ಎದುರು ಮನೆಯ ಪದ್ಮಾವತಮ್ಮ ಕೇಸರಿಭಾತು ಮಾಡಿ ತಂದರು. "ನಿಮ್ಮಮ್ಮಂಗೆ ಕಿವಿ ಬರುತ್ತಲ್ಲೇ ಕುಮುದಾ! ಪುಣ್ಯ ಮಾಡಿದ್ರು ಕಣೆ. ಮೊದಲು ಏನು ಕೇಳಿಸ್ತೀಯ? ನಮ್ಮನೆ ಗಂಟೆ ತರ್ತೀನಿ, ಬೆಳ್ಳೀದು, ಒಳ್ಳೆ ನಾದ."

"ಅಮ್ಮಂಗೆ ಬೇಕೋ ಬೇಡವೋ ಕೇಳ್ಬೇಕಲ್ವಾ, ಅತ್ತೆ," ಅಂದೆ.

"ಅಯ್ಯೋ, ಯಾರಾದ್ರೂ ಬೇಡ ಅಂತಾರೇನೇ!"

ಅವರು ಹೋದ ಮೇಲೆ ಅಮ್ಮನನ್ನು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿದಳು. ಆಮೇಲೆ ತಲೆಯಾಡಿಸಿದಳು: ಬೇಡ. ಉಳಿದವರನ್ನೂ ಮನೆಗೆ ಹೋಗಿ ಕೇಳಿದೆ. ರಾಜಣ್ಣ ಬೇಡವೆಂದ, ಮಿಕ್ಕವರೂ ಬೇಡವೆಂದರು. ತಾರಾ ಮಾತ್ರ ನನ್ನ ಎರಡೂ ಕೈ ಹಿಡಿದುಕೊಂಡು ಜೋರಾಗಿ ಹೌದೆಂದು ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ಅದು ಮೌನಾಳ ನೀರಲ್ಲ. ಅವಳಿಗೆ ತನ್ನ ಹೊಲಿಗೆ ಮಿಷಿನ್ನಿನ ಸದ್ದು ಕೇಳಬೇಕಿತ್ತು. ಚಿಕ್ಕಂದಿನಿಂದ ನನ್ನನ್ನು ಕೇಳುತ್ತಲೇ ಇದ್ದಳು, ಅದು ಹೇಗಿರುತ್ತದೆ ಅಂತ. ನನಗೆ ಒಂದು ದಿನವೂ ಸರಿಯಾಗಿ ಹೇಳಲಾಗಿರಲಿಲ್ಲ.

ಮನೆಗೆ ಬಂದು ಅದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಮುಖ ತಿರುಗಿಸಿದಳು. ಮರುದಿನ ಬೆಳಗ್ಗೆ ಸೀರೆ ಉಟ್ಟು, ಗಿರಣಿಗೆ ಬೀಗ ಹಾಕಿ, ನನ್ನ ಮಣಿಕಟ್ಟು ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಬೆರಳು ತೋರಿಸಿದಳು.

ಏಳೂವರೆಯನ್ನು ಚಿತ್ರೀಕರಿಸುವ ಜಾಗ ನಮ್ಮೂರಿಂದ ಆರು ಗಂಟೆಯ ದಾರಿ. ದೊಡ್ಡ ತಗಡಿನ ಶೆಡ್ಡು. ಒಳಗೆ ಹೋದರೆ ದೊಡ್ಡಮನೆಯ ಹಜಾರ, ದೇವರ ಕೋಣೆ, ಎಲ್ಲಾ ನಮಗೆ ಗೊತ್ತಿರುವ ಹಾಗೇ. ಮೆಟ್ಟಿಲ ಮುಂದೆ ಅಮ್ಮ ನಿಂತುಬಿಟ್ಟಳು. ನಮ್ಮೂರಿನ ಎಷ್ಟೋ ಹೆಂಗಸರ ಕಾಲು ಉಳುಕಿಸಿದ ಮೆಟ್ಟಿಲು ಅದು. ಪ್ಲೈವುಡ್ಡಿನ ಒಂಬತ್ತು ಮೆಟ್ಟಿಲು. ಮೇಲೆ ಮಹಡಿಯೇ ಇರಲಿಲ್ಲ. ಕೊನೆಯ ಮೆಟ್ಟಿಲು ಗೋಡೆಗೆ ಹೋಗಿ ನಿಂತಿತ್ತು.

ನಿರ್ದೇಶಕರು ಒಳ್ಳೆಯ ಮನುಷ್ಯ. ಕೂರಿಸಿ ಕಾಫಿ ತರಿಸಿದರು. ಊರಿನ ವಿಷಯ ಹೇಳಿದರೆ ಹುಚ್ಚರೆಂದುಕೊಳ್ಳುತ್ತಾರೆಂದು ನಾನು ಅದನ್ನು ಎತ್ತಲಿಲ್ಲ. ನಮ್ಮ ತಾಯಿ ಕಿವುಡಿ, ನಿಮ್ಮ ಮೌನಾ ಆಡುವ ಕೈಮಾತು ಕೈಮಾತಲ್ಲ, ಅವಳಿಗೆ ಕಿವಿ ಬರಿಸುವುದೂ ಬೇಡ ಅಂತ ಹೇಳಲು ಬಂದಿದ್ದಾರೆ, ಅಂದೆ.

"ಅಯ್ಯೋ, ಅಮ್ಮನೇ ಹೇಳಲಿ ಮೇಡಂ. ನೋಡೋಣ," ಅಂದರು ಅವರು, ಮುಂದಕ್ಕೆ ಬಾಗಿ, ನಿಜವಾದ ಆಸೆಯಿಂದ.

ಅಮ್ಮ ನನ್ನತ್ತ ನೋಡಿದಳು. ಕೈ ಎತ್ತಿದಳು. ಎದೆ, ರೆಕ್ಕೆ, ಹಣೆ. ತಡೆಯಲು ನೋಡಿದಳು, ಆಗಲಿಲ್ಲ. ಕೈ ಮತ್ತೆ ಮತ್ತೆ ಹಾರಿತು.

ನಿರ್ದೇಶಕರ ಮುಖ ಅರಳಿತು. "ನೋಡಿದ್ರಾ! ಥೇಟ್ ನಮ್ಮ ಹುಡುಗಿ ಮಾಡೋ ಹಾಗೇ ಇದೆ! ನಾವೇನೋ ಅಂದಾಜಲ್ಲಿ ಮಾಡಿಸಿದ್ವಿ, ಎಷ್ಟು ಕರೆಕ್ಟಾಗಿ ಬಂದಿದೆ ನೋಡಿ." ಸಹಾಯಕರನ್ನು ಕರೆದು ಅಮ್ಮನ ಕೈಯನ್ನು ತೋರಿಸಿದರು. ಕಿವಿ ಬರಿಸುವುದರ ಬಗ್ಗೆ ಮಾತ್ರ ಮೆತ್ತಗೆ ಹೇಳಿದರು: "ಜನಕ್ಕೆ ಖುಷಿ ಕೊಡ್ಬೇಕಲ್ಲ ಮೇಡಂ. ಒಬ್ಬಳು ಕಿವುಡಿ ಕೊನೇವರೆಗೂ ಕಿವುಡಿಯಾಗೇ ಇದ್ರೆ ಕಥೆ ಎಲ್ಲಿ ಮುಗಿದ ಹಾಗಾಯ್ತು?"

ಅಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಹೊರಡುವಾಗ ಮೇಕಪ್ ಕೋಣೆಯ ಬಾಗಿಲಲ್ಲಿ ಮೌನಾಳ ಪಾತ್ರ ಮಾಡುವ ಹುಡುಗಿ ನಿಂತಿದ್ದಳು. ನಿವೇದಿತಾ ಅಂತ, ಇಪ್ಪತ್ತಮೂರೋ ನಾಲ್ಕೋ ಇರಬಹುದು. ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. "ಅಕ್ಕಾ, ಒಳಗೆ ಬನ್ನಿ," ಅಂದಳು. "ನಾನು ಮೊದಲೇ ಕೇಳಿದ್ದೆ, ಯಾರನ್ನಾದ್ರೂ ಇಟ್ಟು ಹೇಳಿಕೊಡಿ ಅಂತ. ಬಳೆ ಸದ್ದಾಗೋ ಹಾಗೆ ಕೈ ಆಡಿಸಮ್ಮ ಸಾಕು ಅಂದ್ರು. ಅಮ್ಮನ ಕೈ ಯಾಕೆ ನನ್ನ ಕೈ ಥರಾನೇ ಆಡ್ತಿದೆ? ನನಗೆ ನೋಡಿ ಮೈ ಜುಂ ಅಂತು."

ಅವಳಿಗೆ ಹೇಳಿದೆ, ಊರಿನ ವಿಷಯವನ್ನೆಲ್ಲ. ನಂಬಿದಳೋ ಇಲ್ಲವೋ. ತನ್ನ ಕೈಯನ್ನು ಕನ್ನಡಿಯಲ್ಲಿ ನೋಡಿಕೊಂಡಳು. ಆಮೇಲೆ "ಸಾವಿರದ ಕಂತಲ್ಲಿ ಮಾತು ಹಿನ್ನೆಲೆ ದನಿಯಲ್ಲಿ ಬರುತ್ತೆ. ನನ್ನ ಕೈ ಏನಂದ್ರೂ ಇಲ್ಲಿ ಯಾರಿಗೂ ಗೊತ್ತಾಗಲ್ಲ. ಏನು ಹೇಳ್ಲಿ, ಹೇಳಿಕೊಡಿ," ಅಂದಳು.

ನಾನು ಒಂದೊಂದೇ ಮಾತನ್ನು ಅಮ್ಮನ ಮುಂದಿಟ್ಟೆ. ಅವಳು ಹೌದು, ಅಲ್ಲ ಎಂದು ತಲೆಯಾಡಿಸಿದಳು. ಕೊನೆಗೆ ನಿಂತದ್ದು ಇಷ್ಟು: ನನಗೆ ಕೇಳಿಸುವುದಿಲ್ಲ, ಕೇಳಿಸುವುದು ಬೇಡ, ನನ್ನ ಮಾತು ನನ್ನ ಕೈಯಲ್ಲಿದೆ. "ತಾರಾ?" ಎಂದು ಕೈಯಲ್ಲಿ ಕೇಳಿದೆ. ಅಮ್ಮ ಕಿಟಕಿಯ ಕಡೆ ನೋಡಿದಳು. ನಾನೂ ಮತ್ತೆ ಕೇಳಲಿಲ್ಲ. ನಿವೇದಿತಾಳ ಬೆರಳು ಪೆಡಸು, ಸುಲಭಕ್ಕೆ ಬಾಗಲಿಲ್ಲ. ಅಮ್ಮ ಎದ್ದು ಅವಳ ಹಿಂದೆ ನಿಂತು, ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು ತಿದ್ದಿದಳು. ಮಾತಾಡಲು ಹೋದರೆ ಹಕ್ಕಿಯಾಗುತ್ತಿದ್ದ ಕೈ, ಇನ್ನೊಬ್ಬಳ ಕೈ ತಿದ್ದುವಾಗ ಅಮ್ಮನದ್ದೇ ಆಗಿತ್ತು.

ಸಾವಿರದ ಕಂತು ಗುರುವಾರ ಬಂತು. ಒಂಬತ್ತು ಜನ ನಮ್ಮ ಮನೆಗೆ ಬಂದು ಕೂತರು. ಮೌನಾ ದೇವರ ಕೋಣೆಯ ಮುಂದೆ ಎಡವಿ ಬಿದ್ದಳು, ತಲೆ ಎತ್ತಿದಳು, ಗಂಟೆಗಳು ಮೊಳಗಿದವು. "ನನಗೆ ಕೇಳಿಸ್ತಿದೆ! ದೇವರೇ, ನನಗೆ ಕೇಳಿಸ್ತಿದೆ!" ಎಂದು ಹಿನ್ನೆಲೆಯಲ್ಲಿ ಯಾರದೋ ದನಿ ಬಿಕ್ಕಿತು. ಬೀದಿಯಲ್ಲಿ ಪಟಾಕಿ ಹಚ್ಚಿದರು. ಆದರೆ ಕೈ ಬೇರೆ ಹೇಳುತ್ತಿತ್ತು. ನಿರ್ದೇಶಕರಿಗೆ ಆ ಕೈ ಬಹಳ ಹಿಡಿಸಿರಬೇಕು, ಪರದೆ ತುಂಬ ತೋರಿಸಿದ್ದರು. ಕೇಳಿಸುವುದಿಲ್ಲ. ಬೇಡ. ನನ್ನ ಮಾತು ನನ್ನ ಕೈಯಲ್ಲಿದೆ. ನಮ್ಮ ನಡುಮನೆಯಲ್ಲಿ ಒಬ್ಬರೂ ಅಲುಗಾಡಲಿಲ್ಲ. ತಾರಾ ಎದ್ದು ಯಾರನ್ನೂ ನೋಡದೆ ಹೊರಗೆ ಹೋದಳು.

ಮರುದಿನ ಬೆಳಗ್ಗೆ ನಮ್ಮ ಮನೆ ಮುಂದೆ ಜನ. ಗಂಟೆ, ತಾಳ, ತಟ್ಟೆ ಚಮಚ, ಕೈಗೆ ಸಿಕ್ಕಿದ್ದು ಹಿಡಿದು ನಿಂತಿದ್ದರು. ಅಮ್ಮ ಹಿತ್ತಲ ನಲ್ಲಿಯ ಹತ್ತಿರ ಬೆನ್ನು ಮಾಡಿ ಮುಖ ತೊಳೆಯುತ್ತಿದ್ದಳು. ಸುಮ್ಮನಿರಬಹುದಿತ್ತು, ಆದರೆ ಇರಲಾಗಲಿಲ್ಲ. "ಅಮ್ಮಾ," ಅಂದೆ.

ಅವಳು ತಿರುಗಿದಳು.

ನಾನು ಹುಟ್ಟಿದ ಮೂವತ್ತೊಂದು ವರ್ಷದಲ್ಲಿ ಕರೆದದ್ದಕ್ಕೆ ಅವಳು ತಿರುಗಿದ್ದು ಅದೊಂದೇ ಸಲ. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ನಲ್ಲಿಯ ಕಡೆ ನೋಡಿದಳು, ಮೇಲೆ ಕಾಗೆಯ ಕಡೆ ನೋಡಿದಳು, ತನ್ನ ಸೀರೆಯ ನೆರಿಗೆಯನ್ನು ಮುಟ್ಟಿ ಅದು ಸರಸರ ಅನ್ನುವುದನ್ನು ನೋಡಿದಳು. ಐದಾರು ಸಲ ಉಸಿರಾಡುವಷ್ಟು ಹೊತ್ತು. ಆಮೇಲೆ ಏನೋ ಮುಚ್ಚಿಕೊಂಡದ್ದು ನನಗೆ ಅವಳ ಕಣ್ಣಲ್ಲೇ ಕಾಣಿಸಿತು. ಹಿನ್ನೆಲೆ ದನಿ ಹೇಳಿದ್ದು ಅಲ್ಲಿಗೆ ಮುಗಿದು, ಕೈ ಹೇಳಿದ್ದು ಶುರುವಾಗಿತ್ತು. ಅವಳು ಒದ್ದೆ ಕೈ ಎತ್ತಿದಳು. ಗಲ್ಲ ಮುಟ್ಟಿ ನನ್ನ ಹೆಸರು ಹಿಡಿದು, "ನಿನ್ನ ದನಿ ನಿನ್ನ ಮುಖಕ್ಕೆ ಒಪ್ಪುವುದಿಲ್ಲ," ಅಂದಳು. ಒಂದೊಂದು ಬೆರಳೂ ಅವಳದ್ದೇ. ನಾನು ನಗುತ್ತಾ ಅತ್ತುಬಿಟ್ಟೆ. ಹೊರಗಡೆ ಅವರು ಗಂಟೆ ಬಾರಿಸಿಯೇ ಬಾರಿಸಿದರು. ಅಮ್ಮ ಬಾಗಿಲು ತೆಗೆದು, ಪದ್ಮಾವತಮ್ಮನಿಂದ ಹಿಡಿದು ಒಬ್ಬೊಬ್ಬರಿಗೂ ಕೈಯಲ್ಲಿ ಮಂಗಳಾರತಿ ಎತ್ತಿದಳು. ಅವರಿಗೆ ಅರ್ಥವಾಗಲಿಲ್ಲ, ಆದರೆ ಗಂಟೆಗಳನ್ನು ಸೆರಗಲ್ಲಿ ಸುತ್ತಿಕೊಂಡು ಒಬ್ಬೊಬ್ಬರೇ ಹೋದರು.

ತಾರಾಳಿಗೂ ಅಷ್ಟೇ ಹೊತ್ತು ಕೇಳಿಸಿತ್ತು. ಅವಳು ಬೆಳಗಿನಿಂದಲೇ ಮಿಷಿನ್ನಿನ ಮುಂದೆ ಕಾದು ಕೂತಿದ್ದಳು. ಅರ್ಧ ಜೇಬು ಹೊಲಿಯುವಷ್ಟು ಕೇಳಿಸಿ, ನಿಂತುಹೋಯಿತು. ಸಂಜೆ ಜಗಲಿಗೆ ಬಂದು ನೇರ ನನ್ನನ್ನೇ ಕೇಳಿದಳು: "ಅವಳ ಕೈಗೆ ಆ ಮಾತು ಕೊಟ್ಟವರು ಯಾರು?"

"ನಾನು. ಅಮ್ಮ ಒಪ್ಪಿದಳು."

"ನನ್ನನ್ನು ಕೇಳಿದ್ದಿರಿ. ನಾನು ಬೇಕು ಅಂದಿದ್ದೆ." ಅಮ್ಮನ ಕಡೆಗೂ ತಿರುಗಿದಳು. "ದೊಡ್ಡಮನೆಯವರೂ ನೀವೂ ಒಂದೇ."

ಅಮ್ಮ ಕ್ಷಮೆ ಕೇಳಲು ಎದ್ದಳು. ತಾರಾ ಕಣ್ಣು ಮುಚ್ಚಿಕೊಂಡಳು. ಕೈಮಾತಿನವರು ಕಣ್ಣು ಮುಚ್ಚಿದರೆ ಅದು ಬಾಗಿಲು ಹಾಕಿದ ಹಾಗೆ. ಅದರಾಚೆ ಹೇಳುವುದಕ್ಕೆ ದಾರಿಯಿಲ್ಲ.

ಹದಿನೈದು ದಿನದ ಮೇಲೆ ನಿವೇದಿತಾ ಫೋನ್ ಮಾಡಿದಳು. ಎಲ್ಲೋ ದೂರದ ಕಿವುಡರ ಶಾಲೆಯ ಮೇಷ್ಟ್ರೊಬ್ಬರು ಚಾನೆಲ್ಲಿಗೆ ಪತ್ರ ಬರೆದಿದ್ದರಂತೆ. ಕೊನೆಗೂ ನಿಮ್ಮ ಪಾತ್ರ ನಿಜವಾದ ಮಾತಾಡಿತು, ಕೇಳಿಸುವುದು ಬೇಡ ಎಂದು ಎಷ್ಟು ಧೈರ್ಯವಾಗಿ ಹೇಳಿತು ಎಂದು ಮನಸಾರೆ ಹೊಗಳಿದ್ದರಂತೆ. ಆ ಹೊಗಳಿಕೆಯಿಂದಲೇ ಸಿಕ್ಕಿಬಿದ್ದಳು.

"ನನ್ನ ತೆಗೀತಿದಾರೆ, ಅಕ್ಕಾ. ಈ ಶುಕ್ರವಾರ ಮೌನಾ ಕಥೆ ಮುಗಿಸ್ತಾರೆ. ಲಾರಿ ಆಕ್ಸಿಡೆಂಟು, ಇಲ್ಲಾ ಮನೆ ಬಿಟ್ಟು ಹೋಗೋದು, ಎರಡರಲ್ಲಿ ಒಂದು. ಬರೆಯೋರು ನನ್ನ ಮೇಲೆ ಕನಿಕರಕ್ಕೆ ನಿನಗೆ ಯಾವುದು ಬೇಕಮ್ಮ ಅಂತ ಕೇಳಿದ್ರು. ನಾನು ನಾಳೆ ಹೇಳ್ತೀನಿ ಅಂದೆ." ಅವಳ ದನಿ ಒಡೆಯಿತು. "ಏನು ಹೇಳ್ಲಿ?"

"ಸುಮ್ನೆ ಹಾಗೇ ಮನೇಲಿ ಇಟ್ಕೊಳ್ಳೋಕೆ ಆಗಲ್ವಂತಾ?"

"ನಾನೇ ಇಲ್ಲದ ಮೇಲೆ ಹೇಗಕ್ಕಾ?"

ಈ ಸಲ ಅಮ್ಮ ಒಬ್ಬಳೇ ಏನನ್ನೂ ಹೇಳಲು ಒಪ್ಪಲಿಲ್ಲ. ಒಂಬತ್ತು ಜನರನ್ನೂ ಸೇರಿಸಿದಳು. ತಾರಾಳ ಮನೆಗೆ ತಾನೇ ಹೋಗಿ, ಅವಳು ಕಣ್ಣು ತೆರೆಯುವವರೆಗೂ ಬಾಗಿಲಲ್ಲಿ ಕೂತು ಕರೆತಂದಳು. ಮಾತು ಬಹಳ ಹೊತ್ತು ನಡೆಯಲಿಲ್ಲ. ಸಾಯುವುದಕ್ಕಿಂತ ಹೋಗುವುದು ವಾಸಿ ಎಂದು ರಾಜಣ್ಣ ಹೇಳಿದ. ಎಲ್ಲಿಗೆ ಎಂದು ಯಾರೋ ಕೇಳಿದರು. ಏಳೂವರೆ ತಲುಪದ ಜಾಗಕ್ಕೆ ಎಂದು ತಾರಾ ಹೇಳಿದಳು. ಎಲ್ಲರೂ ಕೈ ಎತ್ತಿದರು.

ಶುಕ್ರವಾರ ಮೌನಾ ಒಂದು ಸಣ್ಣ ಚೀಲ ಹಿಡಿದು ಬಸ್ಸು ಹತ್ತಿದಳು. ದೊಡ್ಡಮನೆಯವರೆಲ್ಲ ಬಾಗಿಲಲ್ಲಿ ನಿಂತು ಅತ್ತರು, ಒಬ್ಬರೂ ಹೊಸ್ತಿಲು ದಾಟಲಿಲ್ಲ. ಅವಳು ಎಲ್ಲಿಗೆ ಹೋದಳೆಂದು ಯಾರಿಗೂ ತಿಳಿಯಲಿಲ್ಲ ಎಂದು ಹಿನ್ನೆಲೆ ದನಿ ಹೇಳಿತು.

ಶನಿವಾರ ಬೆಳಗ್ಗೆ ಅಮ್ಮ ಒಂದು ಸಣ್ಣ ಚೀಲ ತುಂಬಿಕೊಂಡು ಹೊರಟಳು. ನಾನೂ ಬಟ್ಟೆ ಕಟ್ಟಿಕೊಂಡಿದ್ದೆ. ಅವಳ ಹಿಂದೆಯೇ ಬಾಗಿಲಿಗೆ ಬಂದೆ. ಹೊಸ್ತಿಲಲ್ಲಿ ನನ್ನ ಕಾಲು ನಿಂತುಬಿಟ್ಟಿತು. ನೋವಿಲ್ಲ, ಏನಿಲ್ಲ, ಎತ್ತಲು ಬರಲಿಲ್ಲ ಅಷ್ಟೆ. 'ಮನೆಯವರು' ಅಂದರೆ ನಾನೂ ಸೇರಿದ್ದೆ ಎಂದು ಆಗ ಹೊಳೆಯಿತು. ಅಮ್ಮ ತಿರುಗಿ ನೋಡಿ, ಒಳಕ್ಕೆ ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಕೈ ಮುಖದ ಮೇಲೇ ಇದ್ದದ್ದರಿಂದ ಏನೂ ಹೇಳಲಿಲ್ಲ. ಹೋದಳು.

ನಾನು ತಾರಸಿಗೆ ಓಡಿದೆ. ನಮ್ಮೂರಿನ ರಸ್ತೆ ಗುಡ್ಡವನ್ನು ಮೂರು ಸುತ್ತು ಸುತ್ತಿ ಹತ್ತುತ್ತದೆ. ನಡೆದು ಹೋಗುವವರೇ ಬಸ್ಸಿಗಿಂತ ಮೊದಲು ಮೇಲೆ ಹೋಗಿ ತಲುಪುತ್ತಾರೆ. ಸುತ್ತಲಿನ ತಾರಸಿಗಳ ಮೇಲೂ ಜನ ನಿಂತಿದ್ದರು. ಹೊಸ್ತಿಲು ದಾಟಲಾಗದ ಮನೆಯವರು. ರಾಜಣ್ಣನ ಹೆಂಡತಿ, ತಾರಾಳ ಅಮ್ಮ, ಎಲ್ಲರೂ. ಬಸ್ಸು ಮೊದಲ ಸುತ್ತಿಗೆ ಬಂದಾಗ ಕಿಟಕಿಗಳಿಂದ ಕೈಗಳು ಹೊರಬಂದವು. ಕೂಗಿದ್ದರೆ ಅಷ್ಟು ದೂರಕ್ಕೆ ಕೇಳುತ್ತಿರಲಿಲ್ಲ. ಕೈ ಸ್ಪಷ್ಟವಾಗಿ ಕಾಣುತ್ತಿತ್ತು.

"ಏನಂತಿದಾರೆ ಕುಮುದಾ? ನಮ್ಮೋರು ಏನಂತಿದಾರೆ ಹೇಳೇ!" ಎಂದು ರಾಜಣ್ಣನ ಹೆಂಡತಿ ಆಚೆ ತಾರಸಿಯಿಂದ ಕೂಗಿದಳು. ಹದಿನೆಂಟು ವರ್ಷ ಸಂಸಾರ ಮಾಡಿ ಅವಳು ಕೈಮಾತು ಕಲಿತಿರಲಿಲ್ಲ.

"ಇಸ್ತ್ರಿ ಪೆಟ್ಟಿಗೇಲಿ ಕೆಂಡ ಹಾಗೇ ಇದೆಯಂತೆ, ಆರಿಸ್ಬೇಕಂತೆ," ಎಂದು ಕೂಗಿದೆ. "ನಿನ್ನ ಮೇಲೆ ಸಿಟ್ಟಿಲ್ಲವಂತೆ."

ಇನ್ನೊಂದು ತಾರಸಿಯಿಂದ ಇನ್ನೊಬ್ಬರು ಕೂಗಿದರು. ಅವರಿಗೂ ಹೇಳಿದೆ. ಮತ್ತೊಬ್ಬರಿಗೆ ಹೇಳಿದೆ. ಬಸ್ಸು ಎರಡನೆಯ ಸುತ್ತಿಗೆ ಬಂತು. ಹಿಂದಿನ ಕಿಟಕಿಯಲ್ಲಿ ಅಮ್ಮ ಇದ್ದಳು. ಗಿರಣಿಯ ಬೆಲ್ಟು ಸಡಿಲವಾಗಿದೆ, ಬದಲಾಯಿಸು ಅಂದಳು. ತಲೆಗೆ ಎಣ್ಣೆ ಹಚ್ಚಿಕೊ ಅಂದಳು. ಅವಳ ಪಕ್ಕದಲ್ಲಿ ತಾರಾ ಇದ್ದಳು. ಅಷ್ಟು ಹೊತ್ತು ಮುಂದಕ್ಕೆ ನೋಡುತ್ತಾ ಕೂತಿದ್ದವಳು, ಮೂರನೆಯ ಸುತ್ತಿನಲ್ಲಿ ತಟ್ಟನೆ ಕಿಟಕಿಗೆ ತಿರುಗಿ ಕೈ ಹೊರಗೆ ಹಾಕಿದಳು. ತಾರಾಳ ಅಮ್ಮ ತಾರಸಿಯ ಅಂಚಿಗೆ ಬಂದು ಬಾಗಿದ್ದರು. "ನನ್ನ ಮಗಳು! ನನ್ನ ಮಗಳು ಏನೋ ಅಂತಿದಾಳೆ!"

"ಮಿಷಿನ್ನಿನ ಸದ್ದು ಚೆನ್ನಾಗಿತ್ತು ಅಂತಿದಾಳೆ!" ಅವರಿಗೆ ಕೇಳಿಸಲೆಂದು ಅವರ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು, ಒಂದೊಂದೇ ಮಾತು ಬಿಡಿಸಿ ಕೂಗಿದೆ. "ಅಮ್ಮ ಅನ್ನೋದನ್ನೂ ಕೇಳಿಸ್ಕೋಬೇಕು ಅನ್ಕೊಂಡಿದ್ಲಂತೆ, ಅಷ್ಟರಲ್ಲಿ ನಿಂತುಹೋಯ್ತಂತೆ!"

ಮತ್ತೆ ಗುಡ್ಡದ ಕಡೆ ತಿರುಗಿದಾಗ ನನ್ನ ಅಮ್ಮ ಮಾತಾಡುತ್ತಿದ್ದಳು. ಯಾವಾಗ ಶುರುಮಾಡಿದ್ದಳೋ ಗೊತ್ತಿಲ್ಲ. ಎರಡೂ ಕೈ ಕಿಟಕಿಯಿಂದ ಹೊರಗಿದ್ದವು, ದೊಡ್ಡದಾಗಿ, ನಿಧಾನವಾಗಿ, ಚಿಕ್ಕ ಮಗುವಿಗೆ ಹೇಳುವ ಹಾಗೆ. ನನಗೆ ಸಿಕ್ಕಿದ್ದು ಕೊನೆಯದೊಂದೇ ಮಾತು.

"ಅರ್ಥವಾಯಿತಾ?"

ಬಸ್ಸು ತಿರುವಿಗೆ ಬಂದಿತ್ತು. ಮತ್ತೊಮ್ಮೆ ಹೇಳು ಎನ್ನಲು ಹೊತ್ತಿರಲಿಲ್ಲ. ಅವಳು ಕತ್ತು ಚಾಚಿ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಎರಡೂ ಕೈ ಎತ್ತಿ, ಅವಳಿಗೆ ಚೆನ್ನಾಗಿ ಕಾಣುವ ಹಾಗೆ ಹೇಳಿದೆ:

"ಅರ್ಥವಾಯಿತು."